ಎರವಲಲ್ಲದ ದನಿ

ಆಪರೇಷನ್ ಆದ ಹನ್ನೊಂದನೇ ದಿನ ವಾರ್ಡಿಗೆ ಒಬ್ಬ ಸಣಕಲು ಮನುಷ್ಯ ಬಂದು ಗುರುಶಾಂತಪ್ಪನ ಮಂಚದ ಪಕ್ಕ ನಿಂತ. ಅರವತ್ತರ ಆಸುಪಾಸು, ಬಿಳಿ ಜುಬ್ಬಾ, ಕತ್ತಿನ ಸುತ್ತ ತೆಳುವಾದ ಒಂದು ಬಟ್ಟೆ. ಏನನ್ನೋ ನುಂಗಿದವನ ಹಾಗೆ ಗಂಟಲು ಬಿಗಿಹಿಡಿದು, "ನಾನು ಖುರ್ಷೀದ್" ಎಂದ. ತೇಗಿನೊಳಗೆ ಮಾತು ಸೇರಿಕೊಂಡಂಥ ದನಿ. ಆಮೇಲೆ ಬಟ್ಟೆ ಎತ್ತಿ ತನ್ನ ಕತ್ತು ತೋರಿಸಿದ. ಅಲ್ಲೂ ಒಂದು ರಂಧ್ರ ಇತ್ತು, ಗುರುಶಾಂತಪ್ಪನ ಕತ್ತಿಗೆ ಈಗ ಬಂದಿರುವಂಥದ್ದೇ.

ಅದು ೧೯೯೫. ಗುರುಶಾಂತಪ್ಪನಿಗೆ ಐವತ್ತಮೂರು. ಸಿ.ವಿ. ರಾಮನ್ ನಗರದ ಒಂದು ಕಚೇರಿಯಲ್ಲಿ ಗುಮಾಸ್ತನಾಗಿದ್ದ, ಹಲಸೂರಿನ ಪಕ್ಕದ ಮರ್ಫಿ ಟೌನಿನಲ್ಲಿ ಒಂದೇ ಕೋಣೆಯ ಬಾಡಿಗೆ ಮನೆ. ಹೆಂಡತಿ ತೀರಿಹೋಗಿ ಒಂಬತ್ತು ವರ್ಷ, ಮಕ್ಕಳಿಲ್ಲ. ಗಂಟಲಿನ ಹುಣ್ಣು ಕ್ಯಾನ್ಸರ್ ಎಂದು ಗೊತ್ತಾಗಿ, ಡಾಕ್ಟರು ಧ್ವನಿಪೆಟ್ಟಿಗೆಯನ್ನೇ ತೆಗೆದಿದ್ದರು. ಗದಗಿನಿಂದ ಬಂದ ತಂಗಿ ಪಾರ್ವತೆವ್ವ ಒಂದು ವಾರ ಇದ್ದು, ಇನ್ನು ಅಣ್ಣ ಮಾತಾಡುವುದಿಲ್ಲ ಎಂದು ಅತ್ತು ಊರಿಗೆ ಹೋಗಿದ್ದಳು.

"ಡಾಕ್ಟರು ಕಳಿಸಿದ್ರು. ಮಾತು ಬರುತ್ತೆ, ನಾನು ಕಲಿಸ್ತೀನಿ. ಗಾಳಿ ನುಂಗೋದು, ವಾಪಸ್ ಬಿಡೋದು. ಅಷ್ಟೇ" ಎಂದ ಖುರ್ಷೀದ್.

ಗುರುಶಾಂತಪ್ಪ ನೋಟ್‌ಬುಕ್ಕಿನಲ್ಲಿ ಬರೆದು ತೋರಿಸಿದ: "ಫೀಸ್ ಎಷ್ಟು?"

ಖುರ್ಷೀದ್ ಓದಿ ನಕ್ಕ. ಅವನು ನಕ್ಕರೆ ಸದ್ದೇ ಬರುತ್ತಿರಲಿಲ್ಲ, ಭುಜ ಮಾತ್ರ ಕುಣಿಯುತ್ತಿತ್ತು.

ಶಿವಾಜಿನಗರದ ಒಂದು ಗಲ್ಲಿಯಲ್ಲಿ ಖುರ್ಷೀದನದು ರಫೂ ಅಂಗಡಿ. ಹರಿದ ಕೋಟು, ಸುಟ್ಟ ರೇಷ್ಮೆ ಸೀರೆಗಳ ಎಳೆಗೆ ಎಳೆ ಕೂಡಿಸಿ, ಹರಿದಿದ್ದ ಗುರುತೇ ಸಿಗದ ಹಾಗೆ ಹೊಲಿಯುವ ಕೆಲಸ. ಗಾಯ ಒಣಗಿದ ಮೇಲೆ ಗುರುಶಾಂತಪ್ಪ ದಿನವೂ ಸಂಜೆ ಕಚೇರಿಯಿಂದ ನೇರ ಅಲ್ಲಿಗೆ ಹೋಗತೊಡಗಿದ. ಮೊದಲ ಒಂದು ತಿಂಗಳು ಬರೀ ಹೊಟ್ಟೆಯುಬ್ಬರ. ನುಂಗಿದ ಗಾಳಿ ಬೇಡದ ಹೊತ್ತಿಗೆ ಬರುತ್ತಿತ್ತು, ಬೇಕಾದಾಗ ಬರುತ್ತಿರಲಿಲ್ಲ. ಖುರ್ಷೀದ್ ಸೂಜಿಯಿಂದ ಕಣ್ಣು ತೆಗೆಯದೆ, "ಮತ್ತೆ" ಎನ್ನುವನು. "ಮತ್ತೆ." "ಮತ್ತೆ." ಬೈಯುತ್ತಿರಲಿಲ್ಲ, ಹೊಗಳುತ್ತಲೂ ಇರಲಿಲ್ಲ. ಆರನೇ ವಾರ ಒಂದು ಸಂಜೆ ಗುರುಶಾಂತಪ್ಪನ ಬಾಯಿಂದ ತಟಕ್ಕನೆ "ಚಾ" ಎಂದು ಹೊರಬಿತ್ತು. ಖುರ್ಷೀದ್ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು, ಬಾಗಿಲಾಚೆ ಬಗ್ಗಿ, ಪಕ್ಕದ ಹೋಟೆಲಿನವನಿಗೆ ಎರಡು ಬೆರಳು ತೋರಿಸಿದ.

ನಾಲ್ಕು ತಿಂಗಳಿಗೆ ವಾಕ್ಯ ಬಂತು. ಒಂದು ಗುಟುಕು ಗಾಳಿಗೆ ನಾಲ್ಕೈದು ಅಕ್ಷರ, ಮತ್ತೆ ಗುಟುಕು. ಆ ಭಾನುವಾರ ಗುರುಶಾಂತಪ್ಪ ಹಲಸೂರಿನ ಎಸ್‌ಟಿಡಿ ಬೂತಿಗೆ ಹೋಗಿ ಗದಗಿಗೆ ಫೋನ್ ಹಚ್ಚಿದ.

"ಹಲೋ, ಯಾರ್ರೀ?" ಎಂದಳು ಪಾರ್ವತೆವ್ವ.

"ಪಾರೀ... ನಾನು... ಅಣ್ಣ."

"ಯಾವನಲೇ ನೀನು, ಮಸ್ಕಿರಿ ಮಾಡ್ತೀಯೇನು!" ಎಂದು ಫೋನ್ ಕುಕ್ಕಿದಳು. ಎರಡನೇ ಸಲವೂ ಹಾಗೇ ಆಯಿತು. ಬೂತಿನ ಹುಡುಗಿ ತಲೆ ತಗ್ಗಿಸಿ ಬಿಲ್ಲು ಹರಿದಳು. ಅಂದು ಅವನು ದಾರಿಯುದ್ದಕ್ಕೂ ಕತ್ತಿನ ಬಟ್ಟೆ ಹಿಡಿದುಕೊಂಡೇ ನಡೆದ.

ಮರುದಿನ ಕೇಳಿ ಖುರ್ಷೀದ್ ಭುಜ ಕುಣಿಸಿದ. "ನಾನು ಫಸ್ಟ್ ಟೈಮ್ ಮನೇಲಿ ಬೇಗಂ ಅಂತ ಕರೆದೆ. ನಮ್ಮನೆ ಬೆಕ್ಕು ಓಡೋಗಿದ್ದು ಮೂರು ದಿನ ಬರ್ಲೇ ಇಲ್ಲ. ಮೊದ್ಲು ಕಾಗದ ಹಾಕಿ, ಆಮೇಲೆ ಫೋನ್ ಮಾಡಿ."

ಕಾಗದ ಹೋಯಿತು. ಮುಂದಿನ ಭಾನುವಾರ ಪಾರ್ವತೆವ್ವ ಕೇಳಿಸಿಕೊಂಡಳು. ಆದರೆ ಅತ್ತಳೇ ಹೊರತು ಮಾತಾಡಲಿಲ್ಲ. ಅಷ್ಟಾದರೂ ಆಯಿತಲ್ಲ ಎಂದುಕೊಂಡು ಗುರುಶಾಂತಪ್ಪ ಮನೆಗೆ ಬಂದ.

ಮಾತು ಕೈಗೆ ಹತ್ತಿದಂತೆ ಅವನಿಗೆ ಇನ್ನೊಂದು ಚಿಂತೆ ಹಿಡಿಯಿತು. ಅಪ್ಪ ಸತ್ತ ಮೇಲೆ ಅಣ್ಣತಂಗಿ ಇಬ್ಬರೂ ಬೆಳೆದದ್ದು ಸೋದರಮಾವನ ಮನೆಯಲ್ಲಿ. "ನಾನು ಉಣ್ಣಾಕ ಹಾಕದಿದ್ರ ಎಲ್ಲಿರ್ತಿದ್ದಿ?" ಎಂಬ ಮಾತನ್ನು ಮಾವ ಅವನ ಮದುವೆಯ ಪಂಕ್ತಿಯಲ್ಲಿ ಬೀಗರೆದುರೂ ಆಡಿದ್ದ. ಆಮೇಲೆ ಗುರುಶಾಂತಪ್ಪ ಯಾರಿಂದಲೂ ಏನೂ ಇಸಿದುಕೊಂಡವನಲ್ಲ. ಪಕ್ಕದ ಮನೆಯ ಅಕ್ಕಯಮ್ಮ ಹಬ್ಬಕ್ಕೆ ಒಬ್ಬಟ್ಟು ಕೊಟ್ಟರೆ ಸಂಜೆಯೊಳಗೆ ಆ ತಟ್ಟೆಯಲ್ಲಿ ಹಣ್ಣು ಹೋಗುತ್ತಿತ್ತು. ಹೀಗಾಗಿ ಅವಳೂ ಈಚೆಗೆ ಕೊಡುವುದು ಬಿಟ್ಟಿದ್ದಳು. ಈಗ ನೋಡಿದರೆ, ಇವನು ತನ್ನ ದನಿಯನ್ನೇ ಒಬ್ಬನಿಂದ ಪಡೆದುಬಿಟ್ಟಿದ್ದ. ಬಾಯಿ ತೆರೆದಾಗಲೆಲ್ಲ ಅದು ನೆನಪಾಗುತ್ತಿತ್ತು.

ದೀಪಾವಳಿ ಕಳೆದ ಮೇಲೆ ಒಳ್ಳೆಯ ಉಣ್ಣೆಯ ಶಾಲೊಂದನ್ನು ಕೊಂಡ. ಕೊಟ್ಟು, ನಾಲ್ಕು ಮಾತಾಡಿ, ಪಾಠ ಮುಗಿಸಿಕೊಂಡು ಬರುವುದೆಂದು ಹೊರಟ. ಹೇಳಬೇಕಾದ್ದನ್ನು ದಾರಿಯಲ್ಲೇ ಅಭ್ಯಾಸ ಮಾಡಿಕೊಂಡಿದ್ದ.

"ಭಾಯಿ, ನಿಮ್ಮ ಋಣಾ ತೀರ್ಸಾಕ ಆಗಂಗಿಲ್ಲ. ಆದ್ರೂ ಇದು..."

ಖುರ್ಷೀದ್ ಶಾಲನ್ನು ಬಿಡಿಸಿ ನೇಯ್ಗೆಯನ್ನು ಬೆಳಕಿಗೆ ಹಿಡಿದು ನೋಡಿದ. ಕಸುಬಿನವನ ಕಣ್ಣು. "ಮಾಲು ಚೆನ್ನಾಗೈತೆ" ಎಂದ. ಆಮೇಲೆ ಕೇಳಿದ: "ಇದು ತಗೊಂಡ್ರೆ ನಾಳೆ ನೀವು ಬರ್ತೀರಾ?"

ಗುರುಶಾಂತಪ್ಪ ಶಾಲಿನ ಅಂಚನ್ನು ನೋಡಿದ.

"ಬರಲ್ಲ. ನಂಗೆ ಗೊತ್ತು." ಖುರ್ಷೀದ್ ಶಾಲನ್ನು ಮೊದಲಿನ ಮಡಿಕೆಗೇ ಮಡಿಚಿ ಮುಂದಿಟ್ಟ. "ನೀವೇ ಹೊದ್ಕೊಳ್ಳಿ ಅಪ್ಪಾವ್ರೇ. ಕತ್ತಿಗೆ ಥಂಡಿ ಹೊಡೀಬಾರ್ದು. ಉಧಾರ್ ಅಂತ ಸಾಲ ಕೊಟ್ಟಿದ್ರೆ ನಾನೇ ವಾಪಸ್ ಕೇಳ್ತಿದ್ದೆ. ನಾನು ಕೊಟ್ಟೆ, ನೀವು ತಗೊಂಡ್ರಿ. ಆಯ್ತಲ್ಲ?"

ಅವಮಾನವಾದಂತಾಗಿ ಗುರುಶಾಂತಪ್ಪ ಶಾಲನ್ನು ಕಂಕುಳಲ್ಲಿ ಇರುಕಿಕೊಂಡು ಎದ್ದು ಬಂದ. ಎರಡು ವಾರ ಶಿವಾಜಿನಗರದ ಕಡೆ ತಲೆ ಹಾಕಲಿಲ್ಲ. ಕಚೇರಿಯಲ್ಲಿ ಜನ ಅವನೊಡನೆ ತಲೆಯಾಡಿಸುವುದರಲ್ಲೇ ಮುಗಿಸುತ್ತಿದ್ದರು. ಅವನು ಒಂದು ಮಾತು ಮುಗಿಸುವುದರೊಳಗೆ, ಪಾಪ ಕಷ್ಟಪಡುತ್ತಾನೆಂದು, ಉಳಿದದ್ದನ್ನು ಅವರೇ ಹೇಳಿಬಿಡುತ್ತಿದ್ದರು. ಮನೆಗೆ ಬಂದು ಬಾಗಿಲು ಹಾಕಿಕೊಂಡು, ಮರೆತುಹೋದೀತೆಂದು ಪೇಪರನ್ನು ಗಟ್ಟಿಯಾಗಿ ಓದುತ್ತಿದ್ದ. ಒಂದು ಸಂಜೆ ಪೂರ್ತಿ ಒಂದು ಕಾಲಂ ಎಲ್ಲೂ ತಡವರಿಸದೆ ಓದಿದ. ಓದಿ ತಲೆಯೆತ್ತಿದರೆ ಗೋಡೆ, ಗೂಟಕ್ಕೆ ನೇತುಹಾಕಿದ ಅಂಗಿ. ಚೆನ್ನಾಗಿ ಬಂತು ಎಂದು ಹೇಳಿಕೊಳ್ಳಲು ಈ ಊರಿನಲ್ಲಿ ಇದ್ದವನು ಒಬ್ಬನೇ. ಅವನಿಗೆ ಅರ್ಧ ವಾಕ್ಯಕ್ಕೆ ಕಾಯುವ ತಾಳ್ಮೆಯಿತ್ತು. ತಾನೂ ಹಾಗೆಯೇ ಅವನ ಮಾತಿಗೆ ಕಾಯುತ್ತಿದ್ದೆ ಎಂಬುದು ಗುರುಶಾಂತಪ್ಪನಿಗೆ ಆಗ ಮೊದಲ ಸಲ ಹೊಳೆಯಿತು.

ಮರುಸಂಜೆ ಹೋದ. ಹಣ್ಣಿಲ್ಲ, ಬಿಸ್ಕತ್ತಿಲ್ಲ. ಕೈ ಬೀಸಿಕೊಂಡು ಒಬ್ಬರ ಹೊಸ್ತಿಲು ತುಳಿಯುವುದು ಅವನಿಗೆ ಹೊಸದು. ಕೈ ಎಲ್ಲಿಡಬೇಕೆಂದು ತಿಳಿಯದೆ ಜೇಬಿಗೆ ಹಾಕಿಕೊಂಡ. ಖುರ್ಷೀದ್ ಸ್ಟೂಲನ್ನು ಕಾಲಿನಿಂದ ಈಚೆಗೆ ತಳ್ಳಿದ.

"ನಿನ್ನೆ ಪೇಪರಿನ್ಯಾಗ ಒಂದು ಕಾಲಂ ಪೂರ್ತಿ ಓದಿದೆ."

"ಹೌದಾ? ಏನು ಬರ್ದಿದ್ರು? ಹೇಳಿ."

ಆಮೇಲೆ ಆರು ವರ್ಷ ಹಾಗೇ ನಡೆಯಿತು. ಪಾಠವೇನೂ ಉಳಿದಿರಲಿಲ್ಲ. ಒಬ್ಬ ಹೊಲಿಯುವನು, ಒಬ್ಬ ಕೂತಿರುವನು. ಇಬ್ಬರ ಮನೆಗೆ ಇಬ್ಬರೂ ಹೋದವರಲ್ಲ. "ಮನೇಲಿ ಎಲ್ರಿಗೂ ಅರ್ಜೆಂಟು. ನನ್ ಮಾತು ಲೇಟು" ಎಂದು ಖುರ್ಷೀದ್ ಒಮ್ಮೆ ಹೇಳಿದ್ದ.

೨೦೦೧ರ ಫೆಬ್ರವರಿಯಲ್ಲಿ ಒಂದು ಸೋಮವಾರ ಅಂಗಡಿಗೆ ಬೀಗ ಬಿದ್ದಿತ್ತು. ಭಾನುವಾರವೇ ಎದೆನೋವು ಬಂದು ಖುರ್ಷೀದ್ ತೀರಿಕೊಂಡ, ಅಂದೇ ಮಣ್ಣೂ ಆಯಿತು ಎಂದ ಹೋಟೆಲಿನವನು. ಗುರುಶಾಂತಪ್ಪನಿಗೆ ತಿಳಿಸಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಅವನೊಬ್ಬನಿದ್ದಾನೆಂದು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ವಿಳಾಸ ಕೇಳಿಕೊಂಡು ಹೋದ. ಮಗ ವಾಜಿದ್ ಬಾಗಿಲು ತೆರೆದು ಗುರುತು ಸಿಗದೆ ನೋಡಿದ. ಒಳಗಿನ ಕೋಣೆಗೆ ಪರದೆ ಇತ್ತು.

"ನಾನು ಗುರುಶಾಂತಪ್ಪ. ಖುರ್ಷೀದ್ ಭಾಯಿ ನನಗ ಮಾತು ಕಲಿಸಿದ್ರು" ಎಂದ.

ವಾಜಿದ್‌ನ ಮುಖ ಬಿಳಚಿಕೊಂಡಿತು. ಪರದೆಯ ಹಿಂದೆ ಏನೋ ಪಾತ್ರೆ ಬಿದ್ದ ಸದ್ದು. ಧ್ವನಿಪೆಟ್ಟಿಗೆ ಇಲ್ಲದವರ ದನಿಗಳು ಒಂದಕ್ಕೊಂದು ಹೋಲುತ್ತವೆ. ಮಾತಿನ ಧಾಟಿಯನ್ನಂತೂ ಗುರುಶಾಂತಪ್ಪ ಗುರುವಿನಿಂದಲೇ ಎತ್ತಿಕೊಂಡಿದ್ದ.

"ಕೌನ್ ಹೈ, ವಾಜಿದ್?" ಯಾರೆಂದು ಪರದೆಯ ಹಿಂದಿನಿಂದ ಕೇಳಿದಳು ಖುರ್ಷೀದನ ಹೆಂಡತಿ ಕಮರುನ್ನೀಸಾ. ಮಗ ಹೇಳಿದ. ಆಮೇಲೆ ಅವಳು ಕನ್ನಡದಲ್ಲಿ ಕೇಳಿದಳು: "ನೀವು ಇನ್ನೂ ಸ್ವಲ್ಪ ಮಾತಾಡ್ತೀರಾ? ಏನಾದ್ರೂ ಪರವಾಗಿಲ್ಲ."

ಗುರುಶಾಂತಪ್ಪ ಕುರ್ಚಿಯ ತುದಿಗೆ ಕೂತು ಮಾತಾಡಿದ. ಆರನೇ ವಾರದ ಚಾ, ಬೈದು ಫೋನಿಟ್ಟ ತಂಗಿ, ಓಡಿಹೋದ ಬೆಕ್ಕು. ಬೆಕ್ಕಿನ ಮಾತಿಗೆ ಪರದೆಯ ಆಚೆ ನಕ್ಕಂತೆಯೂ ಅತ್ತಂತೆಯೂ ಕೇಳಿಸಿತು. ಹೊಟ್ಟೆಯಲ್ಲಿ ಗಾಳಿ ತುಂಬಿ ನೋಯತೊಡಗಿದರೂ ನಿಲ್ಲಿಸಲಿಲ್ಲ. ವಾಜಿದ್ ಗೋಡೆಗೆ ಒರಗಿ ನೆಲ ನೋಡುತ್ತ ನಿಂತಿದ್ದ. ಒಂದು ವಾಕ್ಯವನ್ನೂ ಅವನು ನಡುವೆ ಕಡಿಯಲಿಲ್ಲ.

"ಅವ್ರು ಇಷ್ಟೊಂದು ಮಾತಾಡ್ತಿದ್ರಾ?" ಎಂದು ಕೇಳಿದಳು ಕಮರುನ್ನೀಸಾ.

"ಹೌದ್ರೀ. ಭಾಳ ಮಾತಾಡ್ತಿದ್ರು."

ಹೊರಗೆ ಇನ್ನೂ ಬಿಸಿಲಿತ್ತು. ಬೀಗ ಬಿದ್ದ ಅಂಗಡಿಯ ಮುಂದೆ ಹಾದು ಬಸ್‌ಸ್ಟ್ಯಾಂಡಿಗೆ ಬಂದ. ನಾಳೆ ಸಂಜೆ ಐದೂವರೆಗೆ ಎಲ್ಲಿಗೆ ಹೋಗುವುದೆಂದು ಅವನಿಗೆ ತಿಳಿಯಲಿಲ್ಲ. ಎದೆ ಭಾರವಾಗಿತ್ತು. ಆದರೆ ಮಾವನ ಮನೆಯಿಂದ ಹೊತ್ತು ತಂದಿದ್ದ ಆ ಹಳೆಯ ಹಂಗಿನ ಕುಗ್ಗು ಅದರಲ್ಲಿ ಇರಲಿಲ್ಲ. ಬಸ್ಸು ಹತ್ತಿದ ಮೇಲೆ ಕಂಡಕ್ಟರ್ ಎಲ್ಲಿಗೆ ಎಂದ.

"ಹಲಸೂರು, ಒಂದು" ಎಂದ ಗುರುಶಾಂತಪ್ಪ, ಬಸ್ಸಿಗೆಲ್ಲ ಕೇಳುವ ಹಾಗೆ.