ನಿಲ್ಲಿಸಿದ ಮಾತ್ರೆ

ಗುಂಡಣ್ಣನ ಪ್ಯಾಂಟನ್ನು ಹೆಂಡತಿ ಎಷ್ಟು ಸಲ ಹಿಡಿದು ಹೊಲಿದಿದ್ದಳೆಂದರೆ, ಹಿಂದಿನ ಎರಡು ಜೇಬುಗಳೂ ಒಂದಕ್ಕೊಂದು ತಾಗಿಕೊಂಡು ಕೂತಿದ್ದವು. ಗಿರಾಕಿಗಳ ಬಟ್ಟೆ ಹೊಲಿಯಬೇಕಾದ ಮಿಷನ್ನು ಗಂಡನ ಯೂನಿಫಾರ್ಮಿನಲ್ಲೇ ಸವೆಯುತ್ತಿತ್ತು. ಹೊಟ್ಟೆಯ ಚೀಲ ಕಿರಿದು ಮಾಡುವ ಆಪರೇಷನ್ ಆದಮೇಲೆ ಬಸ್ ಡ್ರೈವರ್ ಗುಂಡಣ್ಣ ಅರ್ಧಕ್ಕರ್ಧ ಇಳಿದಿದ್ದ. ಡಿಪೋದವರು ಇಟ್ಟ ಹೆಸರು ಮಾತ್ರ ಇಳಿದಿರಲಿಲ್ಲ. ಸಕ್ಕರೆ ಕಾಯಿಲೆ ಹತೋಟಿಗೆ ಬಂದಿತ್ತು, ಗೊರಕೆ ನಿಂತಿತ್ತು. ಬಿಪಿಯೂ ತಾನಾಗೇ ಇಳಿದಿದೆ, ಆ ಮಾತ್ರೆ ಇನ್ನು ಬೇಡ ಎಂದು ಡಾಕ್ಟರು ಹೋದ ತಿಂಗಳೇ ಹೇಳಿದ್ದರು. ಸೋಮವಾರದಿಂದ ಮತ್ತೆ ಸ್ಟಿಯರಿಂಗ್ ಹಿಡಿಯುವುದಿತ್ತು.

ಅಷ್ಟರಲ್ಲಿ ಈ ತಲೆಸುತ್ತು ಗಂಟುಬಿತ್ತು. ಕೂತವನು ಎದ್ದರೆ ಕಣ್ಣಿಗೆ ಕತ್ತಲೆ, ಗೋಡೆ ಹಿಡಿದೇ ನಿಲ್ಲಬೇಕು. ನೀರು ಕುಡಿಯಲ್ಲ, ಹೇಳಿದ ಮಾತು ಕೇಳಲ್ಲ ಎಂದು ಹೆಂಡತಿ ಬೈದಳು. ಹೊಸ ಮೈ, ಒಗ್ಗಬೇಕು ತಾನೆ, ಬಸ್ಸಲ್ಲಿ ಹೇಗೂ ಕೂತೇ ಇರ್ತೀನಲ್ಲ ಎಂದು ಅವನು ನಕ್ಕ. ಅವಳ ಮೈಯೆಲ್ಲ ಉರಿದುಹೋಯಿತು. ಈ ಮಹಾರಾಯನ ಬೆನ್ನ ಹಿಂದೆ ಒಂದು ಬಸ್ಸಿನ ತುಂಬ ಜನ ಕೂತಿರುತ್ತಾರೆ.

ಶನಿವಾರ ಬೆಳಿಗ್ಗೆ ಅಡುಗೆಮನೆಯಿಂದ ಟಕ್ ಟಕ್ ಸದ್ದು ಬಂತು. ಹೋಗಿ ನೋಡಿದರೆ ಅತ್ತೆ ಲೋಟದ ತಳದಿಂದ ಏನನ್ನೋ ಪುಡಿ ಮಾಡಿ ಮಗನ ಸೂಪಿಗೆ ಉದುರಿಸುತ್ತಿದ್ದರು. ಪುಡಿ ಮಾಡಿ ಬೆರೆಸುವ ಆ ಉಪಾಯ ಅವಳಿಗೆ ಹೊಸದಲ್ಲ. ಗುಂಡಣ್ಣ ಮಾತ್ರೆಯನ್ನು ನಾಲಗೆಯಡಿ ಬಚ್ಚಿಟ್ಟುಕೊಂಡು ವಾಷ್‌ಬೇಸಿನ್ನಿಗೆ ಉಗಿಯುತ್ತಿದ್ದ ಕಾಲದಲ್ಲಿ ಅತ್ತೆ ಸೊಸೆ ಸೇರಿಯೇ ಅದನ್ನು ಕಂಡುಹಿಡಿದಿದ್ದರು. ಇಬ್ಬರೂ ಒಮ್ಮತಕ್ಕೆ ಬಂದ ಸಂಗತಿ ಅದೊಂದೇ.

"ಅತ್ತೆ, ಅದು ನಿಲ್ಲಿಸಿದ ಬಿಪಿ ಮಾತ್ರೆ ಅಲ್ವಾ? ನಿಮಗೆ ಹೇಳಿದ್ದೆನಲ್ಲ?"

"ಹೇಳಿದ್ದೆ ಕಣಮ್ಮ. ಡಾಕ್ಟರು ಕೊಯ್ದಿದ್ದು ಹೊಟ್ಟೆ. ಇವನ ಎದೆ ಇವನಪ್ಪನದ್ದೇ ತಾನೆ?"

ಮಾವ ಒಂದು ಬೆಳಿಗ್ಗೆ ಪೇಪರ್ ಓದುತ್ತ ಕೂತವರು ಕೂತಲ್ಲೇ ಹೋಗಿದ್ದರು. ಬೈಯಲು ಹೊರಟಿದ್ದ ಅವಳು ದನಿ ತಗ್ಗಿಸಿದಳು. ಆದರೂ ಸುಮ್ಮನಿರುವ ಹೊತ್ತಲ್ಲ. ತೂಕ ಇಳಿದದ್ದರಿಂದ ಎದೆಯ ಮೇಲಿನ ಭಾರವೂ ಇಳಿದಿದೆ ಅತ್ತೆ, ಇಳಿದ ಬಿಪಿಯನ್ನು ಮತ್ತೆ ಮಾತ್ರೆ ಹಾಕಿ ಅದುಮಿದರೆ ಮನುಷ್ಯ ನಿಂತಲ್ಲೇ ಬೀಳುತ್ತಾನೆ ಎಂದು ಹಲ್ಲು ಕಚ್ಚಿ ತಿಳಿಸಿ ಹೇಳಿದಳು. ಅತ್ತೆ ಸೆರಗಿನಿಂದ ಲೋಟ ಒರೆಸುತ್ತಲೇ ಇದ್ದರು.

ಬಾಗಿಲಲ್ಲಿ ಗುಂಡಣ್ಣ ನಿಂತಿದ್ದ, ಚೌಕಟ್ಟು ಹಿಡಿದುಕೊಂಡು.

"ಇಷ್ಟು ವರ್ಷ ನನಗೆ ಮಾತ್ರೆ ಹಾಕ್ತಿದ್ರಾ?"

ಪಾಪ, ಮಾತ್ರೆಯಿಲ್ಲದೆ ಬರೀ ಮನೋಬಲದಿಂದ ಬಿಪಿ ಹತೋಟಿಯಲ್ಲಿಟ್ಟಿದ್ದೇನೆ ಎಂದು ಅವನು ಡಿಪೋ ತುಂಬ ಭಾಷಣ ಮಾಡಿದ್ದ. ಭಾಷಣ ಕೇಳಿ ಮಾತ್ರೆ ಬಿಟ್ಟ ಕಂಡಕ್ಟರೊಬ್ಬರಿದ್ದಾರೆ ಎಂದು ಈಗ ಹಣೆ ಚಚ್ಚಿಕೊಂಡ. ಮೊದಲು ಅವರಿಗೆ ಫೋನ್ ಮಾಡಿ ಡಾಕ್ಟರ ಹತ್ತಿರ ಓಡಿಸಿ ಎಂದು ಹೆಂಡತಿ ಗದರಿದಳು. ಒಂದು ಮನೆ ಸರಿಮಾಡಲು ಹೋದರೆ ಡಿಪೋವೇ ತಲೆ ಮೇಲೆ ಬಿತ್ತು.

ಮನೆಯಲ್ಲಿದ್ದ ಬಿಪಿ ಮಿಷನ್ನಿನಲ್ಲಿ ನೋಡಿದರೆ ಬಿಪಿ ತೀರಾ ಕೆಳಗಿತ್ತು. ಫೋನಿನಲ್ಲಿ ಡಾಕ್ಟರು ಅವಳಿಗೇ ಬೈದರು: ಮಾತ್ರೆ ಈಗಲೇ ನಿಲ್ಲಬೇಕು, ಇವತ್ತೇ ಕರೆತರಬೇಕು, ಕೂತಾಗಲೂ ನಿಂತಾಗಲೂ ಬಿಪಿ ಸರಿ ಬರುವವರೆಗೆ ಬಸ್ಸಿನ ಮಾತೆತ್ತಬಾರದು. ಮಾಡಿದವರು ಯಾರೋ, ಬೈಗುಳ ಯಾರಿಗೋ. ಅವಳು ಹೂಂಗುಟ್ಟಿದಳು.

ಗುಂಡಣ್ಣ ಡಿಪೋ ಮೇಲ್ವಿಚಾರಕರಿಗೆ ಫೋನ್ ಹಚ್ಚಿ, ಸೋಮವಾರ ಆಗಲ್ಲ ಎಂದ. ಕಾರಣ ಕೇಳಿದ್ದಿರಬೇಕು, ಅಮ್ಮನನ್ನೂ ಹೆಂಡತಿಯನ್ನೂ ಒಮ್ಮೆ ನೋಡಿದ.

"ಮನೇಲಿ ಡಾಕ್ಟರು ಜಾಸ್ತಿ ಆಗಿದಾರೆ ಸಾರ್."

ಅವಳು ಸೂಪನ್ನು ಸಿಂಕಿಗೆ ಚೆಲ್ಲಿ, ಅತ್ತೆಯ ಮುಂದೆ ಅಂಗೈ ಚಾಚಿದಳು.

"ಅರ್ಧ ಮಾತ್ರೆನಾದ್ರೂ ಬೇಡ್ವೇನೇ?"

ಅತ್ತೆ ಗೋಗರೆದರು. ಡಬ್ಬದ ಹಿಂದಿನಿಂದ ಮಾತ್ರೆಯ ಪಟ್ಟಿಯೊಂದು ಹೊರಬಂದು ಅಂಗೈ ಮೇಲೆ ಕೂತಿತು. ಅವಳು ಕೈ ಹಿಂತೆಗೆಯಲಿಲ್ಲ. ಅತ್ತೆ ನಿಟ್ಟುಸಿರುಬಿಟ್ಟು, ಸ್ಟೂಲು ಎಳೆದುಕೊಂಡು ಮೇಲಿನ ಕಪಾಟಿಗೆ ಕೈಹಾಕಿದರು.