ಸೋಲಲೆಂದೇ ಕರೆಸಿದ ಆಟ

ಕೋಟಿನ ಗುಂಡಿ ಹಾಕಲು ಡೂಲಿ ಉಸಿರು ಬಿಗಿಹಿಡಿದು ಹೊಟ್ಟೆಯನ್ನು ಒಳಗೆ ಎಳೆದುಕೊಂಡ. ಗುಂಡಿ ತೂತಿನೊಳಗೆ ಹೋಯಿತು, ಒಂದು ಕ್ಷಣ ನಿಂತಿತು, ಆಮೇಲೆ ದಾರ ಕಿತ್ತು ಚರ್ಚಿನ ಮೆಟ್ಟಿಲುಗಳ ಮೇಲೆ ಉರುಳಿಕೊಂಡು ಹೋಯಿತು.

“ಬಿಡೋ ಮಾರಾಯ,” ಎಂದ ರಾಯಲ್ ಬೀಚಮ್, ಊರುಗೋಲಿನ ಮೇಲೆ ಭಾರ ಬಿಟ್ಟು. “ಪೆಟ್ಟಿಗೆ ಹೊರೋಕೆ ಗುಂಡಿ ಯಾಕೆ?”

“ಕೋಚ್ ನೋಡಿದ್ರೆ ಬೈತಿದ್ರು.”

“ಬೈತಿದ್ರು. ಗುಂಡಿಗಲ್ಲ, ನಿನ್ನ ಹೊಟ್ಟೆಗೆ.”

ಪಕ್ಕದಲ್ಲಿದ್ದ ಎಮೊರಿ ಮತ್ತು ಜೂಡ್ ನಕ್ಕರು. ನಾಲ್ವರಿಗೂ ಐವತ್ತು ದಾಟಿತ್ತು. ಒಂದು ಕಾಲದಲ್ಲಿ ಈ ನಾಲ್ವರೇ ಬೆಥೆಲ್ ಹಿಲ್ ಎಂಬ, ಕಪ್ಪು ಜನರ ಸಣ್ಣ ಕಾಲೇಜಿನ ಫುಟ್‌ಬಾಲ್ ತಂಡದ ಮುಂಸಾಲು. ಅಮೆರಿಕದ ಆ ಫುಟ್‌ಬಾಲಿನಲ್ಲಿ ಚೆಂಡನ್ನು ಕೈಯಲ್ಲಿ ಅವುಚಿಕೊಂಡು ನುಗ್ಗಿಬರುವ ಎದುರಾಳಿಯನ್ನು ಎದೆಕೊಟ್ಟು ತಡೆಯುವುದು ಅವರ ಕೆಲಸವಾಗಿತ್ತು. ಈಗ ಡೂಲಿ ಲಾರಿ ಓಡಿಸುತ್ತಾನೆ, ರಾಯಲ್ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುತ್ತಾನೆ, ಉಳಿದಿಬ್ಬರು ಅಲಬಾಮಾ ಬಿಟ್ಟು ಹೋಗಿ ವರ್ಷಗಳಾಗಿದ್ದವು. ಎದುರಿಗೆ ನಿಂತ ಉದ್ದನೆಯ ಕಪ್ಪು ಕಾರಿನೊಳಗೆ, ಶವಪೆಟ್ಟಿಗೆಯಲ್ಲಿ, ಅವರ ಕೋಚ್ ಹೊರೇಸ್ ಟಾಲಿವರ್ ಮಲಗಿದ್ದರು.

ಕೋಚ್ ಹೆಂಡತಿ ಅರ್ನೆಸ್ಟೀನ್ ಬಿಳಿ ಹ್ಯಾಟು ಹಾಕಿಕೊಂಡು ಮೆಟ್ಟಿಲಿಳಿದು ಬಂದಳು. ರಾಯಲ್‌ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ನೀನು ಹೊರಬೇಡಪ್ಪ. ಆ ಮೊಣಕಾಲು ಇಟ್ಕೊಂಡು ಮೆಟ್ಟಿಲು ಹತ್ತೋದು ಅಂದ್ರೇನು? ಕೋಚ್ ತಮ್ಮನ ಮಗ ಇದಾನೆ, ಅವನು ಹಿಡೀತಾನೆ.”

“ಕೆಟ್ಟಿರೋದು ಬಲಗಾಲು, ಅಮ್ಮ. ನಾನು ಎಡಗಡೆ ಹಿಡ್ಕೋತೀನಿ.”

“ಬಿದ್ದರೆ?”

“ಇವರು ಮೂರು ಜನ ಇರೋದು ಯಾಕೆ? ಅವತ್ತೂ ನಾನು ಬಿದ್ದಾಗ ಇವರು ಬಿಟ್ಟು ಹೋಗ್ಲಿಲ್ಲ.”

ಅರ್ನೆಸ್ಟೀನ್ ಅವನ ಕೈಯಿಂದ ಊರುಗೋಲು ತೆಗೆದುಕೊಂಡಳು. ಪೆಟ್ಟಿಗೆ ಮೇಲೆದ್ದಿತು; ರಾಯಲ್‌ನ ಹೆಜ್ಜೆಗೆ ಎಲ್ಲರೂ ಹೆಜ್ಜೆ ಕೂಡಿಸಿ, ಒಂದೊಂದೇ ಮೆಟ್ಟಿಲು ಹತ್ತಿ ಅದನ್ನು ಒಳಗೆ ಒಯ್ದರು. ಅದರ ಹಿಂದೆ ಅರ್ನೆಸ್ಟೀನ್, ಗಂಡ ಸತ್ತ ಹೆಂಗಸು, ಬೇರೆಯವರ ಕೋಲು ಹಿಡಿದು ನೆಟ್ಟಗೆ ನಡೆದಳು.

*

ಆ ನಾಲ್ವರು ಇನ್ನೂ ಕಾಲೇಜಿನಲ್ಲಿ ಆಡುತ್ತಿದ್ದ ಕಾಲದಲ್ಲಿ, ಒಂದು ವರ್ಷ, ಕಾಲೇಜು ಮುಚ್ಚುವ ಮಾತು ನಡೆದಿತ್ತು. ಹೆಣ್ಣುಮಕ್ಕಳ ಹಾಸ್ಟೆಲಿನ ಚಾವಣಿ ಸೋರುತ್ತಿತ್ತು, ಮೇಷ್ಟರುಗಳಿಗೆ ಸಂಬಳ ತಡವಾಗುತ್ತಿತ್ತು. ಹೊರೇಸ್ ಟಾಲಿವರ್ ಕೋಚೂ ಹೌದು, ಕ್ರೀಡಾ ವಿಭಾಗದ ಮುಖ್ಯಸ್ಥನೂ ಹೌದು. ಆಟಗಾರರ ಬಟ್ಟೆ ಒಗೆಯುವ ಯಂತ್ರ ಕೆಟ್ಟರೆ ರಿಪೇರಿ ಮಾಡುವವನೂ ಅವನೇ. ಫೋನ್ ಬಂದಾಗ ಅವನು ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದ.

ಕರೆ ಮಾಡಿದ್ದು ದೊಡ್ಡ ವಿಶ್ವವಿದ್ಯಾಲಯದವನು. ಅವರ ಸ್ಟೇಡಿಯಂನಲ್ಲಿ ಕೂರುವ ಜನ ಈ ಇಡೀ ಜಿಲ್ಲೆಯ ಜನಕ್ಕಿಂತ ಹೆಚ್ಚು.

“ಸೆಪ್ಟೆಂಬರಲ್ಲಿ ನಮಗೊಂದು ಶನಿವಾರ ಖಾಲಿ ಇದೆ, ಹೊರೇಸ್. ಆಮೇಲೆ ನಮ್ಮ ಲೀಗಿನ ಗಟ್ಟಿ ತಂಡಗಳು ಸಾಲಾಗಿ ಬರ್ತವೆ. ಅದಕ್ಕೆ ಮುಂಚೆ ಸ್ವಲ್ಪ ಹಗುರದ್ದು ಬೇಕಿತ್ತು.”

“ಹಗುರದ್ದು ಅಂದ್ರೆ ನಾವು.”

“ಛೆ, ಹಾಗಲ್ಲ.”

“ಹಾಗೇ ಅಂತ ಹೇಳಿ, ಪರವಾಗಿಲ್ಲ. ಎಷ್ಟು ಕೊಡ್ತೀರಿ?”

ಅವನು ಹೇಳಿದ ಮೊತ್ತ ಕೇಳಿ ಟಾಲಿವರ್ ಚಾಕು ಕೆಳಗಿಟ್ಟ. ಕಾಲೇಜಿನ ಬಾಗಿಲು ತೆರೆದಿರಲು ಅಷ್ಟು ಸಾಕಿತ್ತು.

“ಎರಡು ಮಾತಿದೆ,” ಎಂದ. “ನಮ್ಮ ಬ್ಯಾಂಡೂ ಬರುತ್ತೆ. ಅರ್ಧ ಆಟದ ಬಿಡುವಿನಲ್ಲಿ ಪೂರ್ತಿ ಬಾರಿಸುತ್ತೆ, ಮಧ್ಯ ನಿಲ್ಲಿಸೋ ಹಾಗಿಲ್ಲ.”

“ಆಯ್ತು. ಇನ್ನೊಂದು?”

“ಮೈಕಲ್ಲಿ ನಮ್ಮ ಹುಡುಗರ ಹೆಸರು ಸರಿಯಾಗಿ ಕರೀಬೇಕು. ನಮ್ಮಲ್ಲೊಬ್ಬ ರಾಯಲ್ ಬೀಚಮ್ ಅಂತಿದ್ದಾನೆ. ಸ್ಪೆಲಿಂಗ್ ನೋಡಿದ್ರೆ ಫ್ರೆಂಚರ ಥರ ಬೋಶಾಂಪ್ ಅನ್ನಬೇಕು ಅನ್ಸುತ್ತೆ. ಅನ್ನಬಾರದು. ಅವರಪ್ಪ, ಅವರಜ್ಜ ಎಲ್ಲ ಬೀಚಮ್. ಎಲ್ಲಿ, ಒಂದ್ಸಲ ಹೇಳಿ?”

ಆ ಕಡೆಯವನು ಹೇಳಿದ. ಟಾಲಿವರ್ ಮುಂದಿನ ಹೆಸರಿಗೆ ಹೋದ. ತಂಡದ ಎಲ್ಲರ ಹೆಸರನ್ನೂ ಹೇಳಿಸಿಯೇ ಅವನು ಫೋನ್ ಇಟ್ಟದ್ದು.

ಅರ್ನೆಸ್ಟೀನ್ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದಳು. “ಹುಡುಗರನ್ನ ಬಲಿಗೆ ಹೋಗೋ ಕುರಿ ಮಾಡ್ತಿದ್ದೀಯ, ಹೊರೇಸ್.”

“ಎಲ್ಲಿಗೆ ಕರ್ಕೊಂಡು ಹೋಗ್ತಿದ್ದಾರೆ ಅಂತ ಕುರಿಗೆ ಯಾರೂ ಹೇಳಲ್ಲ. ನಾನು ಹೇಳ್ತೀನಿ.”

ಮರುದಿನ ಹೇಳಿದ. ಹುಡುಗರನ್ನು ಹುಲ್ಲಿನ ಮೇಲೆ ಕೂರಿಸಿ, ಸುತ್ತಿ ಬಳಸದೆ ಹೇಳಿದ. “ನಮ್ಮನ್ನ ಕರೆಸ್ತಿರೋದು ಸೋಲೋಕೆ. ಅವರು ನಿಮಗಿಂತ ದೊಡ್ಡವರು, ವೇಗದವರು, ಹೊಟ್ಟೆತುಂಬ ತಿಂದವರು. ನಾವು ಹೋದ್ರೆ ಕಾಲೇಜು ಉಳಿಯುತ್ತೆ. ಬರಲ್ಲ ಅನ್ನೋರು ಬರಬೇಡಿ, ಯಾಕೆ ಅಂತ ನಾನು ಕೇಳಲ್ಲ.”

ಆ ಶನಿವಾರ ಬಸ್ಸಿನಲ್ಲಿ ಒಂದು ಸೀಟೂ ಖಾಲಿ ಇರಲಿಲ್ಲ.

*

ಚರ್ಚು ಕಿಕ್ಕಿರಿದಿತ್ತು. ಬೀಸಣಿಗೆಗಳು ಆಡುತ್ತಿದ್ದವು. ಹಾಡು ಮುಗಿದು ಪಾದ್ರಿ ಪ್ರಾರ್ಥನೆ ಮುಗಿಸಿದ ಮೇಲೆ ಕಾಲೇಜಿನ ಈಗಿನ ಅಧ್ಯಕ್ಷ ಡಾ. ವಿಟ್ಲೋ ಎದ್ದು ನಿಂತ. ಬೇರೆ ರಾಜ್ಯದಿಂದ ಬಂದವನು, ಒಳ್ಳೆಯವನು. ಟಾಲಿವರ್ ಗೆದ್ದ ಪಂದ್ಯಗಳ ಬಗ್ಗೆ ಹೇಳಿದ, ಅವನ ಕೈಕೆಳಗೆ ಓದಿ ಮುಂದೆ ಬಂದವರ ಬಗ್ಗೆ ಹೇಳಿದ. ಜನ “ಹೌದು, ಹೌದು” ಎಂದರು.

“ಕಷ್ಟದ ದಿನಗಳೂ ಇದ್ದವು,” ಎಂದ ವಿಟ್ಲೋ ದನಿ ತಗ್ಗಿಸಿ. “ದೊಡ್ಡವರ ಎದುರು ನಮ್ಮ ಮಕ್ಕಳನ್ನ ನಿಲ್ಲಿಸಿ ಅವಮಾನ ನುಂಗಬೇಕಾಗಿ ಬಂದ ದಿನಗಳು. ಅವನ್ನ ಇವತ್ತು ನೆನೆಸಿಕೊಳ್ಳೋದು ಬೇಡ. ಕೋಚ್ ಅವರಿಗೂ ಅದು ಇಷ್ಟ ಆಗ್ತಿರಲಿಲ್ಲ ಅಂದ್ಕೋತೀನಿ.”

ಬೀಸಣಿಗೆಗಳು ನಿಂತವು. ಎರಡನೆಯ ಸಾಲಿನಲ್ಲಿದ್ದ ರಾಯಲ್ ಎದುರಿನ ಬೆಂಚಿನ ಬೆನ್ನು ಹಿಡಿದು ಮೇಲೆದ್ದ.

“ಅಧ್ಯಕ್ಷರೇ, ನೀವು ಸ್ವಲ್ಪ ಕೂತ್ಕೊಳ್ಳಿ. ತಪ್ಪು ತಿಳ್ಕೋಬೇಡಿ. ನೀವು ಆಗ ಇಲ್ಲಿರಲಿಲ್ಲ.”

ವಿಟ್ಲೋ ಪಾದ್ರಿಯ ಮುಖ ನೋಡಿದ. ಪಾದ್ರಿ ಕಣ್ಣಲ್ಲೇ ಕುರ್ಚಿ ತೋರಿಸಿದ.

“ಆ ಅವಮಾನದಲ್ಲಿ ಹಾಳಾಗಿದ್ದು ಅಂದ್ರೆ ಈ ಮೊಣಕಾಲು,” ಎಂದ ರಾಯಲ್. “ನನ್ನ ಮೊಣಕಾಲು. ಅದಕ್ಕೆ ನಾನು ಹೇಳ್ತೀನಿ.”

“ಹೇಳಪ್ಪ,” ಎಂದಿತು ಹಿಂದಿನಿಂದ ಒಂದು ಮುದಿ ದನಿ.

*

ನಾಲ್ಕು ಪಾಲಿನ ಆಟದಲ್ಲಿ ಮೂರು ಮುಗಿದಾಗ ದೊಡ್ಡ ತಂಡದ್ದು ಐವತ್ತೈದು, ಇವರದು ಸೊನ್ನೆ. ಬಿಸಿಲು ಚರ್ಮ ಸುಲಿಯುವಂತಿತ್ತು. ಬೆಥೆಲ್ ಹಿಲ್ಲಿನ ಹುಡುಗರು ಬೆಂಚಿನ ಮೇಲೆ ತಲೆಗೆ ಟವೆಲ್ ಹಾಕಿಕೊಂಡು ಕೂತಿದ್ದರು. ಆಟದ ತೀರ್ಪು ಕೊಡುವ ಪಂಚನೊಬ್ಬ ಟಾಲಿವರ್ ಬಳಿ ಬಂದು, ಆ ಕಡೆಯವರು ಒಪ್ಪಿದ್ದಾರೆ, ಕೊನೆಯ ಪಾಲನ್ನು ಅರ್ಧಕ್ಕೆ ಇಳಿಸಿಬಿಡೋಣ ಎಂದ. ದಯೆಯಿಂದಲೇ ಹೇಳಿದ.

“ನನ್ನನ್ನ ಕೇಳಬೇಡಿ,” ಎಂದು ಟಾಲಿವರ್ ಹುಡುಗರ ಕಡೆ ತಿರುಗಿದ. “ಏನ್ರೋ? ಬೇಗ ಮನೆಗೆ ಹೋಗೋಣ್ವಾ?”

ರಾಯಲ್ ಬೀಚಮ್ ಟವೆಲ್ ತೆಗೆದ. ಬೆಟ್ಟದಂಥ ಹುಡುಗ, ಮಾತು ಕಡಿಮೆ. “ನಮ್ಮಮ್ಮ ರಜಾ ಹಾಕಿ ನೋಡೋಕೆ ಬಂದಿದ್ದಾಳೆ, ಕೋಚ್,” ಎಂದ. “ಪೂರ್ತಿ ಆಟ ನೋಡ್ಲಿ.”

ಪಂಚ ಹೋದ.

ಆಟ ಮುಗಿಯಲು ಇನ್ನು ಸ್ವಲ್ಪವೇ ಬಾಕಿ ಇದ್ದಾಗ ದೊಡ್ಡ ತಂಡ ಮತ್ತೆ ಅಂಕ ತರುವ ಗೆರೆಯ ಹತ್ತಿರ ಬಂತು. ಗೆರೆ ದಾಟಲು ಒಂದೇ ಗಜ ಬಾಕಿ. ನಾಲ್ಕು ಪ್ರಯತ್ನಗಳು ಕೈಯಲ್ಲಿದ್ದವು; ಅಷ್ಟರಲ್ಲಿ ದಾಟದಿದ್ದರೆ ಚೆಂಡು ಎದುರಾಳಿಗೆ. ಗೆದ್ದ ಆಟ ಎಂದು ಅವರು ಬೆಂಚಿನ ಹುಡುಗನೊಬ್ಬನಿಗೆ ಚೆಂಡು ಕೊಟ್ಟರು. ಆ ಹುಡುಗ ತಲೆ ತಗ್ಗಿಸಿ ನುಗ್ಗಿದ. ಡೂಲಿ ಅವನನ್ನು ಸೊಂಟದಲ್ಲಿ ಹಿಡಿದು ನೆಲಕ್ಕೆ ಒತ್ತಿದ. ಮೈಕಿನಲ್ಲಿ ಡೂಲಿಯ ಹೆಸರು ಬಂತು. ಎರಡನೆಯ ಸಲ ಎಮೊರಿ ಮತ್ತು ಜೂಡ್. ಅವರ ಹೆಸರೂ ಬಂತು. ಮೂರನೆಯ ಸಲಕ್ಕೆ ಎಲ್ಲರೂ ಒಂದೇ ರಾಶಿ. ಯಾರ ಕೈ ಯಾರದು ಎಂದು ಗೊತ್ತಾಗದಂತೆ ಬಿದ್ದರು, ಚೆಂಡು ಮಾತ್ರ ಗೆರೆಯ ಈಚೆಗೇ ಇತ್ತು. ಎದ್ದು ಹೊರಟಿದ್ದ ಜನ ಮೆಟ್ಟಿಲುಗಳಲ್ಲೇ ನಿಂತು ತಿರುಗಿ ನೋಡಿದರು.

ನಾಲ್ಕನೆಯ ಸಲ ಆ ಹುಡುಗ ರಾಯಲ್ ಮತ್ತು ಡೂಲಿ ನಡುವಿನ ಸಂದಿಗೆ ಬಾಣದಂತೆ ಬಂದ. ರಾಯಲ್ ಅಡ್ಡ ಬಂದ. ಮೊಣಕಾಲು ಮುರಿದ ಸದ್ದು ಡೂಲಿಗೆ ಕೇಳಿಸಿತು. ರಾಯಲ್ ಕೈ ಬಿಡಲಿಲ್ಲ. ಅವನ ಮೇಲೆ ಐದಾರು ಜನ ಬಿದ್ದರು, ರಾಶಿ ಅಲುಗಲಿಲ್ಲ. ಪಂಚ ಬಗ್ಗಿ ನೋಡಿ, ಎದ್ದು ನಿಂತು, ಚೆಂಡು ಬೆಥೆಲ್ ಹಿಲ್ಲಿನದು ಎಂದು ಕೈ ತೋರಿಸಿದ.

“ತಡೆದದ್ದು,” ಎಂದಿತು ಮೈಕು, “ರಾಯಲ್ ಬೀಚಮ್.”

ಆಸ್ಪತ್ರೆಯ ಮೊಗಸಾಲೆಯಲ್ಲಿ ರಾಯಲ್‌ನ ತಾಯಿ ಕೋಚ್ ಮುಂದೆ ನಿಂತು, “ನನ್ನ ಮಗನ್ನ ಮಾರಿದೆ ನೀನು,” ಎಂದಳು. ಟಾಲಿವರ್ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ಹಾಸ್ಟೆಲಿನ ಮೆಟ್ಟಿಲು ಹತ್ತಲಾಗದ ರಾಯಲ್‌ನನ್ನು ಆ ಚಳಿಗಾಲ ತನ್ನ ಮನೆಯಲ್ಲೇ ಇಟ್ಟುಕೊಂಡ. ಆಡದ ಹುಡುಗನಿಗೆ ಫೀಸು ಮಾಫಿ ಯಾಕೆ ಎಂದವರ ಜೊತೆ ಜಗಳವಾಡಿ ಅವನ ಓದು ಮುಗಿಸಿದ. ಆ ತಾಯಿ ಮಗನನ್ನು ನೋಡಲು ಬಂದಾಗಲೆಲ್ಲ ಜಗಲಿಯಲ್ಲೇ ಕೂರುತ್ತಿದ್ದಳು. ಒಳಗೆ ಬಂದು ಅರ್ನೆಸ್ಟೀನ್ ಕೈಯ ಊಟ ಮಾಡಿದ್ದು ಮಗ ಪದವಿ ತೆಗೆದುಕೊಂಡ ದಿನ.

*

“ನಮ್ಮಮ್ಮ ಸಾಯೋ ತನಕ ಆ ಮಾತು ವಾಪಸ್ ತಗೊಳ್ಳಲಿಲ್ಲ,” ಎಂದ ರಾಯಲ್. “ಆದ್ರೆ ನೆಂಟರು ಯಾರೇ ಬರ್ಲಿ, ಸ್ಟೇಡಿಯಂನಲ್ಲಿ ನನ್ನ ಹೆಸರು ಕೂಗಿದ ಕಥೆ ಹೇಳದೆ ಕಾಫಿ ಕೊಡ್ತಿರಲಿಲ್ಲ. ಎರಡೂ ಅವಳದೇ ಮಾತು, ಎರಡೂ ನಿಜ. ನಾವು ಸೋತ್ವಿ, ಅಧ್ಯಕ್ಷರೇ. ಸೋಲ್ತೀವಿ ಅಂತ ಗೊತ್ತಿದ್ದೇ ಹೋಗಿದ್ವಿ. ಆದ್ರೆ ಆ ಗೆರೆ ಅವರು ದಾಟಲಿಲ್ಲ. ಕೋಚ್ ಬಗ್ಗೆ ಮಾತಾಡೋರು ಇದನ್ನ ಬಿಟ್ಟು ಮಾತಾಡಬಾರದು.”

“ಆಮೆನ್,” ಎಂದಿತು ಇಡೀ ಚರ್ಚು. ವಿಟ್ಲೋ ಕೂಡ ಕೂತಲ್ಲೇ ಅಂದ.

ಆಗ ಹಿಂದಿನ ಸಾಲಿನಲ್ಲಿ ಒಬ್ಬ ಬಿಳಿಯ ಎದ್ದು ನಿಂತ. ಗಿಡ್ಡ, ದಪ್ಪ ಕತ್ತು, ತಲೆ ಬೋಳಾಗುತ್ತಿತ್ತು. ಬಂದಾಗಿನಿಂದ ಇವನ್ಯಾರು ಎಂದು ಎಲ್ಲರೂ ಕಣ್ಣಂಚಿನಲ್ಲಿ ನೋಡುತ್ತಿದ್ದರು.

“ನನ್ನ ಹೆಸರು ಡ್ವೈಟ್ ಕ್ರೆನ್‌ಶಾ,” ಎಂದ. “ಅವತ್ತು ಚೆಂಡು ಇದ್ದದ್ದು ನನ್ನ ಕೈಲಿ.”

ನಾಲ್ವರೂ ಒಟ್ಟಿಗೆ ತಿರುಗಿದರು.

“ನಾಲ್ಕು ವರ್ಷ ಬೆಂಚಲ್ಲಿ ಕೂತಿದ್ದೆ. ಗೆರೆ ಹತ್ರ ನನ್ನ ಕೈಗೆ ಚೆಂಡು ಬಂದಿದ್ದು ಆ ಒಂದು ದಿನ. ಆಮೇಲೆ ಬರಲೇ ಇಲ್ಲ. ಆಟ ಮುಗಿದ್ಮೇಲೆ ಗೋಡೆಗೆ ಮುಖ ಮಾಡ್ಕೊಂಡು ಅಳ್ತಿದ್ದೆ. ನಮ್ಮವರು ಯಾರೂ ಬರಲಿಲ್ಲ, ಅವರೆಲ್ಲ ಗೆದ್ದ ಖುಷೀಲಿದ್ರು. ಈ ಮನುಷ್ಯ ಬಂದ್ರು. ‘ಮಗನೇ, ನಾಲ್ಕು ಸಲಾನೂ ನೀನು ಸರಿಯಾದ ಜಾಗಕ್ಕೇ ನುಗ್ಗಿದೆ. ನಿನ್ನಲ್ಲೇನೂ ಕೊರತೆ ಇಲ್ಲ. ನನ್ನ ಹುಡುಗರು ಅಷ್ಟು ಗಟ್ಟಿ, ಅಷ್ಟೇ’ ಅಂದ್ರು. ಈಗ ನಾನೂ ಒಂದು ಸ್ಕೂಲಲ್ಲಿ ಕೋಚು. ಸೋತು ಬಂದ ಹುಡುಗರಿಗೆ ಇದೇ ಮಾತು ಹೇಳ್ತೀನಿ. ಅಷ್ಟೇ ಹೇಳೋಕೆ ಬಂದೆ.”

ಅವನು ಕೂರಲು ಹೋದ. ಅರ್ನೆಸ್ಟೀನ್ ಹಿಂದಕ್ಕೆ ತಿರುಗಿ ಬೆರಳು ಮಡಚಿ ಕರೆದಳು. “ಅಲ್ಲಿ ಯಾಕಪ್ಪ ಕೂರ್ತೀಯ? ಮುಂದೆ ಬಾ. ಡೂಲಿ, ಸ್ವಲ್ಪ ಸರ್ಕೋ. ಸರಿಯೋಕಾದ್ರೆ.”

ಚರ್ಚು ನಕ್ಕಿತು. ಕ್ರೆನ್‌ಶಾ ಕೆಂಪಾಗಿ ಮುಂದೆ ಬಂದು ನಾಲ್ವರ ನಡುವೆ ಸಿಕ್ಕಿಕೊಂಡು ಕೂತ.

*

ಮಣ್ಣು ಮಾಡಿ ಬಂದ ಮೇಲೆ ಚರ್ಚಿನ ಹಿಂದಿನ ಹಾಲಿನಲ್ಲಿ ಊಟ. ಕರಿದ ಕೋಳಿ, ಬೇಯಿಸಿದ ಸೊಪ್ಪು, ಜೋಳದ ರೊಟ್ಟಿ, ಹೆಂಗಸರು ಮನೆಮನೆಯಿಂದ ತಂದ ಕೇಕುಗಳು. ಹೊಟ್ಟೆ ತುಂಬುತ್ತ ಬಂದಂತೆ ಮಾತು ಏರಿತು.

“ನಾಲ್ಕನೇ ಸಲ ನಾನು ದಾಟಿದ್ದೆ ಅಂತ ಇವತ್ತಿಗೂ ಅನ್ಸುತ್ತೆ,” ಎಂದ ಕ್ರೆನ್‌ಶಾ ಮೂಳೆ ಚೀಪುತ್ತ. “ಪಂಚನಿಗೆ ಕಾಣಿಸಲಿಲ್ಲ.”

ಡೂಲಿ ತಟ್ಟೆ ಕೆಳಗಿಟ್ಟ. “ಏನಂದೆ?”

“ಚೆಂಡಿನ ಮೂತಿ ಗೆರೆ ಮೇಲಿತ್ತು.”

“ನಿನ್ನ ಮೂತಿ ಇತ್ತು ಗೆರೆ ಮೇಲೆ. ಚೆಂಡು ರಾಯಲ್ ಹೊಟ್ಟೆ ಕೆಳಗಿತ್ತು.”

“ಎಲ್ಲಿ ನಿಂತಿದ್ರಿ ನೀವು? ತೋರ್ಸಿ.”

ಎಮೊರಿ ಆಗಲೇ ಮೇಜು ಸರಿಸುತ್ತಿದ್ದ. ಜೂಡ್ ಕುರ್ಚಿಗಳನ್ನು ಗೋಡೆಗೆ ತಳ್ಳಿದ. ಅಡುಗೆ ಕೋಣೆಯಿಂದ ಹೆಂಗಸರು ಕೈ ಒರೆಸಿಕೊಳ್ಳುತ್ತ ಬಂದರು. “ಬೀಚಮ್, ನೀನು ಬಗ್ಗಬೇಡ, ಡಾಕ್ಟರು ಏನಂದಿದ್ದಾರೆ?” ಎಂದಳು ರಾಯಲ್‌ನ ಹೆಂಡತಿ.

“ಡಾಕ್ಟರು ಆ ಆಟ ನೋಡಿಲ್ಲ ಕಣೆ,” ಎಂದ ರಾಯಲ್.

ಡೂಲಿ ಒಂದು ಕಂಕುಳಿಗೆ, ಎಮೊರಿ ಇನ್ನೊಂದಕ್ಕೆ ಕೈ ಕೊಟ್ಟು ಅವನನ್ನು ಮೆಲ್ಲಗೆ ಕೆಳಗಿಳಿಸಿದರು. ಅರ್ನೆಸ್ಟೀನ್ ಹ್ಯಾಟು ತೆಗೆದು ಮಡಿಲಲ್ಲಿಟ್ಟುಕೊಂಡು ಕುರ್ಚಿಯ ಅಂಚಿಗೆ ಬಂದು ಕೂತಳು. ಮೇಜಿನ ಮೇಲಿದ್ದ, ಇನ್ನೂ ಕತ್ತರಿಸದ ಬೆಣ್ಣೆ ಕೇಕನ್ನು ಅದರ ಬೆಳ್ಳಿಬಣ್ಣದ ಕಾಗದದ ಸಮೇತ ಎತ್ತಿ ಕ್ರೆನ್‌ಶಾ ಕೈಗೆ ಕೊಟ್ಟಳು.

ನಾಲ್ವರೂ ನೆಲಕ್ಕೆ ಒಂದೊಂದು ಕೈ ಊರಿ ಬಗ್ಗಿದರು. ಟೈಗಳು ಜೋತುಬಿದ್ದು ನೆಲ ಮುಟ್ಟುತ್ತಿದ್ದವು. ಕೋಟಿನ ಬೆನ್ನುಗಳು ಬಿಗಿದಿದ್ದವು. ಕ್ರೆನ್‌ಶಾ ಕೇಕನ್ನು ಎದೆಗೆ ಅವುಚಿಕೊಂಡು ಒಂದು ಕಾಲು ಮುಂದಿಟ್ಟು ನಿಂತ. ಹಾಲಿನಲ್ಲಿ ಯಾರೂ ತಟ್ಟೆ ಅಲುಗಿಸಲಿಲ್ಲ. ಶುರು ಅನ್ನಬೇಕಾದವರು ಯಾರು ಎಂದು ಯಾರಿಗೂ ಗೊತ್ತಿರಲಿಲ್ಲ. ನಾಲ್ವರು ತಲೆ ಎತ್ತಿ, ಕಣ್ಣು ಅವನ ಮೇಲೆ ನೆಟ್ಟು, ಹಾಗೆಯೇ ಕಾಯುತ್ತಿದ್ದರು.