ತಿಜಾನಿಯವರ ಕೊನೆಯ ಪದ

ತಿಜಾನಿಯವರು ಬೀದಿಯಲ್ಲಿ ಬರುತ್ತಿದ್ದರೆ ಅವರ ಕಾಲು ಯಾವ ಛಂದಸ್ಸಿನಲ್ಲಿದೆ ಎಂಬುದನ್ನು ಮರುಭೂಮಿಯಂಚಿನ ನಮ್ಮೂರು ನೆಫ್ತಾದ ಕತ್ತೆಗಾಡಿಯವರು ಕೂಡ ಹೇಳಬಲ್ಲರು. ಎರಡು ದೀರ್ಘ ಹೆಜ್ಜೆ, ಒಂದು ಹ್ರಸ್ವ, ಮತ್ತೊಂದು ದೀರ್ಘ. ರೊಟ್ಟಿಯಂಗಡಿಯಿಂದ ಮಸೀದಿಯ ಮೂಲೆಗೆ ಸರಿಯಾಗಿ ಒಂದು ಚರಣ. ನಡುವೆ ಖರ್ಜೂರ ಹೇರಿದ ಗಾಡಿ ಅಡ್ಡ ಬಂದು ಗತಿ ಮುರಿದರೆ ಅವರು ಯಾರನ್ನೂ ಬೈಯುವುದಿಲ್ಲ. ಹಿಂದಿರುಗಿ ರೊಟ್ಟಿಯಂಗಡಿಯವರೆಗೆ ಹೋಗಿ, ಅಲ್ಲಿಂದ ಹೊಸದಾಗಿ ನಡೆದು ಬರುತ್ತಾರೆ. ಕೊಯ್ಲಿನ ತಿಂಗಳಲ್ಲಿ ಹೀಗೆ ಅವರು ಮಸೀದಿ ಮುಟ್ಟುವ ಹೊತ್ತಿಗೆ ನಮಾಜು ಮುಗಿದು ಚಪ್ಪಲಿಗಳೂ ಮನೆಗೆ ಹೋಗಿರುವುದುಂಟು.

ಈ ಕಾಯಿಲೆ ಅಂಟಿದ್ದು ಅಂಚೆ ಕಚೇರಿಯಲ್ಲಿ. ಮೂವತ್ನಾಲ್ಕು ವರ್ಷ ಅಲ್ಲಿ ಕೂತು ಕಾಗದಗಳಿಗೆ ಮುದ್ರೆ ಒತ್ತಿದ ಕೈ ಅದು. ಮನಸ್ಸಿನಲ್ಲಿ ಯಾವ ಪದ್ಯ ಹುಟ್ಟುತ್ತಿದೆಯೋ ಅದೇ ಲಯದಲ್ಲಿ ಮುದ್ರೆ ಬೀಳುತ್ತಿತ್ತು. ಸರತಿಯಲ್ಲಿದ್ದ ಹೆಂಗಸರು ಕಿವಿಗೊಟ್ಟು ಕೇಳಿ, "ಇವತ್ತು ಶೋಕಗೀತೆ ಕಣೇ, ಬೇಗ ಮುಗಿಯಲ್ಲ, ನಾಳೆ ಬರೋಣ" ಎಂದು ಮನೆಯ ದಾರಿ ಹಿಡಿಯುತ್ತಿದ್ದರು.

ಮೈಮೇಲೆ ಬೇಸಿಗೆಯಲ್ಲೂ ಒಂಟೆಯುಣ್ಣೆಯ ಕಂದು ನಿಲುವಂಗಿ. ಅದರ ಬೆನ್ನಿಗೆ ಇಳಿಬಿದ್ದ ಚೂಪು ಕುಲಾವಿಯೇ ಅವರ ಕಪಾಟು. ಹೆಂಡತಿ ಸಲೂಹಾ ಅದರೊಳಗೆ ಈರುಳ್ಳಿಗೆ ಕೈಹಾಕಿದರೆ ಕವಿತೆ ಸಿಗುತ್ತದೆ, ಅವರು ಕವಿತೆಗೆ ಕೈಹಾಕಿದರೆ ಈರುಳ್ಳಿ.

ಅವರ ನಂಬಿಕೆ ಯಾವಾಗ ಸಡಿಲವಾಯಿತೋ ಅವರಿಗೇ ತಿಳಿಯದು. ವಯಸ್ಸಾದವರ ಹಲ್ಲಿನ ಹಾಗೆ, ನಾಲಿಗೆ ತಾಗಿದಾಗೆಲ್ಲ ಅಲುಗಾಡುತ್ತಿತ್ತು, ಬೀಳುತ್ತಿರಲಿಲ್ಲ. ಇದನ್ನು ಬಲ್ಲವರು ಆಗ ಇಬ್ಬರೇ: ದಿನಕ್ಕೈದು ಹೊತ್ತು ತಪ್ಪದೆ ಪ್ರಾರ್ಥಿಸುವ ಸಲೂಹಾ, ಮತ್ತು ತಮ್ಮನ ಮಗಳು ಉಲ್ಫಾ. ಉಲ್ಫಾಳೂ ಕವಿಯೇ, ಆದರೆ ಛಂದಸ್ಸಿಲ್ಲ, ಪ್ರಾಸವಿಲ್ಲ. ದೇವರ ಮೇಲೆ ಅವಳಿಗೆ ಅಪಾರ ಪ್ರೀತಿ, ದೊಡ್ಡಪ್ಪನಿಗೆ ಅಪಾರ ಅನುಮಾನ. ಹೀಗಾಗಿ ದೇವರನ್ನು ನಂಬಿದವಳು ನಿಯಮ ಮುರಿಯುತ್ತಿದ್ದಳು, ನಂಬಲಾರದವರು ಅದನ್ನು ಕಾಯುತ್ತ ಕೂತಿದ್ದರು.

"ಛಂದಸ್ಸಿಲ್ಲದ ಪದ್ಯ ಅಂದ್ರೆ ನಮಾಜಿನಲ್ಲಿ ಸಾಲು ಬಿಟ್ಟು ಎಲ್ಲೋ ನಿಂತ ಹಾಗೆ" ಎಂದು ಅವರು ರೇಗುವುದು.

"ಸಾಲಲ್ಲಿ ನಿಂತು ನೀವೇನು ಮಾಡ್ತೀರಿ ದೊಡ್ಡಪ್ಪ?"

"ಸಾಲು ನೆಟ್ಟಗಿದೆಯಾ ನೋಡ್ತೀನಿ."

ಕಳೆದ ವರ್ಷ ಇಂಥದೇ ಒಂದು ಜಗಳದಲ್ಲಿ ಉಲ್ಫಾ ನಗುವುದನ್ನು ನಿಲ್ಲಿಸಿದಳು. "ಮೂವತ್ತೊಂದು ವರ್ಷದಿಂದ ಪ್ರವಾದಿಗಳ ಜನ್ಮದಿನಕ್ಕೆ ನಿಮ್ಮದೇ ಸ್ತುತಿ. ಒಂದಕ್ಷರ ಹೆಚ್ಚುಕಮ್ಮಿ ಇಲ್ಲ. ಆದ್ರೆ ಅದರಲ್ಲಿ ನೀವೆಲ್ಲಿದೀರಿ? ಬೇರೆ ಯಾರದೋ ಕಾಗದಕ್ಕೆ ಮುದ್ರೆ ಹೊಡೀತಿದೀರಿ ಅಷ್ಟೇ."

ಅಂಚೆಯವನಿಗೆ ಹೇಳಬಾರದ ಮಾತು. ತಿಜಾನಿಯವರು ಮೂರು ದಿನ ನೆಟ್ಟಗೆ ಉಣ್ಣಲಿಲ್ಲ. ನಾಲ್ಕನೆಯ ದಿನ ನಿಶ್ಚಯಿಸಿದರು: ಈ ಸಲದ ಸ್ತುತಿಯ ಕಡೆಯ ಸಾಲಿನಲ್ಲಿ, ಇಡೀ ಊರಿನೆದುರು, ಸತ್ಯ ಹೇಳಿಬಿಡಬೇಕು. ಇಮಾಮರು ಮುಖ ತಿರುಗಿಸಿದರೂ ಸರಿ, ಊರು ನಾಳೆಯಿಂದ ಸಲಾಮು ಬಿಟ್ಟರೂ ಸರಿ. ಸಾಲು ಹೀಗಿತ್ತು: "ನಿನ್ನ ಬಾಗಿಲಿಗೆ ಬಂದೆ, ಎಣಿಸಿಕೋ ನನ್ನನ್ನೂ ಕಂಗೆಟ್ಟವರಲ್ಲಿ."

ನಮ್ಮೂರಲ್ಲಿ ಒಂದು ಪದ್ಧತಿಯಿದೆ. ಪ್ರಾಸ ಕಿವಿಗೆ ಹತ್ತಿದ ಮೇಲೆ ಸಾಲಿನ ಕೊನೆಯ ಪದವನ್ನು ಜನ ಊಹಿಸಿ, ಕವಿಗಿಂತ ಮೊದಲೇ ಒಕ್ಕೊರಲಿನಿಂದ ಕೂಗುತ್ತಾರೆ. ಪದ್ಯದ ಕಟ್ಟು ಗಟ್ಟಿಯಿದ್ದಷ್ಟೂ ಕೂಗು ಜೋರು. ಈ ಪದ್ಧತಿಯನ್ನು ಹೊಗಳುತ್ತ ಮೂರು ದಶಕ ಕಳೆದ ತಿಜಾನಿಯವರು, ಆ ಒಂದು ದಿನ ಅದನ್ನು ಮರೆತದ್ದು ಹೇಗೋ!

ಜನ್ಮದಿನದಂದು ಊರಿನ ಸಂತರ ಸಮಾಧಿಯ ಅಂಗಳದಲ್ಲಿ, ಇಳಿಹೊತ್ತಿನ ಅಸರ್ ನಮಾಜಿನ ನಂತರ, ಜನ ಕಿಕ್ಕಿರಿದಿದ್ದರು. ಮುಂದಿನ ಸಾಲಿನಲ್ಲಿ ಕ್ಷೌರಿಕ ಬೂಬಕ್ಕರ್. ಕೂಗಿಗೆ ಅವನೇ ಮುಂದಾಳು. ಜಾಲರಿಯ ಹಿಂದೆ ನಾವು ಹೆಂಗಸರು. ನಲವತ್ತು ಸಾಲು ನಿರಾತಂಕವಾಗಿ ಹರಿಯಿತು. ತಿಜಾನಿಯವರು ಕಡೆಯ ಸಾಲಿಗೆ ಬಂದರು. "ಎಣಿಸಿಕೋ ನನ್ನನ್ನೂ..."

"ನಂಬಿದವರಲ್ಲಿ!" ಎಂದು ಅಂಗಳ ಗುಡುಗಿತು.

ಅವರು ತಮ್ಮ ಪದ ಹೇಳಿದರು. ಆ ಗದ್ದಲದಲ್ಲಿ ಅದು ಬಾಯಾಡಿಸಿದಂತೆ ಕಂಡಿತಷ್ಟೇ.

"ಇನ್ನೊಂದ್ಸಲ!" ಎಂದ ಬೂಬಕ್ಕರ್, ಕಣ್ಣೊರೆಸಿಕೊಳ್ಳುತ್ತ.

ಇನ್ನೊಂದು ಸಲ ಹೇಳಿದರು, ಕತ್ತಿನ ನರ ಉಬ್ಬುವಂತೆ. ಊರು ಅದಕ್ಕಿಂತ ಜೋರಾಗಿ ನಂಬಿತು. "ಅಲ್ಲಪ್ಪ, ಅದಲ್ಲ, ನಾನು ಹಾಗನ್ನಲಿಲ್ಲ..." ಎಂದು ಕೈಯಾಡಿಸಿದರೆ, "ಎಂಥ ವಿನಯ ನೋಡ್ರೋ!" ಎಂದು ಹಿಂದಿನ ಸಾಲು ಉದ್ಗರಿಸಿತು.

ಮೂರನೆಯ ಸಲ ತಿಜಾನಿಯವರು ತಮ್ಮ ಜೀವಮಾನದಲ್ಲೇ ಮಾಡದ ಕೆಲಸ ಮಾಡಿದರು. ಸಾಲನ್ನು ನಡುವೆಯೇ ನಿಲ್ಲಿಸಿದರು. ಲಯ ಮುರಿಯಿತು. ಕೂಗೆಲ್ಲ ಅಡಗಿದ ಮೇಲೆ, ಗದ್ಯದಲ್ಲಿ ಮಾತಾಡುವವರಂತೆ, ಮೆಲ್ಲಗೆ "ಕಂಗೆಟ್ಟವರಲ್ಲಿ" ಎಂದರು.

ಯಾರೂ ಮುಖ ತಿರುಗಿಸಲಿಲ್ಲ, ಯಾರೂ ಸಿಟ್ಟಾಗಲಿಲ್ಲ. ಬೂಬಕ್ಕರ್ ಎದ್ದು ಬಂದು, ಅವರ ನಿಲುವಂಗಿ ಸರಿಪಡಿಸಿ, ಕಿವಿಯ ಬಳಿ ಬಗ್ಗಿ ಹೇಳಿದ: "ಪರವಾಗಿಲ್ಲ ಯಜಮಾನ್ರೇ, ವಯಸ್ಸಾಯ್ತಲ್ಲ, ಮರೆವು ಸಹಜ. ನಂಬಿದವರಲ್ಲಿ, ನಂಬಿದವರಲ್ಲಿ."

ಮನೆಗೆ ಬರುವಾಗ ಅವರ ನಡಿಗೆಗೆ ಛಂದಸ್ಸಿರಲಿಲ್ಲ. ಎದುರಿಗೆ ಗಾಡಿ ಬಂದರೆ ಸುಮ್ಮನೆ ದಾರಿ ಬಿಟ್ಟರು. ಸಲೂಹಾ ಹಬ್ಬದ ಪಾಯಸ ಮುಂದಿಟ್ಟಳು. ಅವರು ಚಮಚ ಮುಟ್ಟಲಿಲ್ಲ.

"ಒಂದು ಪದ ಕಣೇ. ಮೂವತ್ತೊಂದು ವರ್ಷಕ್ಕೆ ನಂದೂಂತ ಒಂದು ಪದ. ಯಾರ ಕಿವಿಗೂ ಬೀಳಲಿಲ್ಲ."

"ನಂಗೆ ಬಿತ್ತು" ಎಂದಳು ಸಲೂಹಾ, ಪಾಯಸದ ಮೇಲಿನ ಬಾದಾಮಿ ಸರಿಮಾಡುತ್ತ. "ಮೂರು ಸಲವೂ."

ಅವರು ತಲೆಯೆತ್ತಿದರು. "ಮತ್ತೆ ನೀನು... ಏನು ಮಾಡ್ದೆ?"

"ಏನು ಮಾಡೋದು? ನೀವು ದೇವರನ್ನ ಕೇಳಿಕೊಂಡ್ರಿ, ನಾನು ಆಮೀನ್ ಅಂದೆ. ಉಣ್ಣಿ, ಆರಿಹೋಗ್ತಿದೆ."

ಜಾಲರಿಯ ಹಿಂದೆ, ಊರೆಲ್ಲ ಕೂಗುವಾಗ, ಅವಳ ತುಟಿ ಬೇರೆಯೇ ಆಗಿ ಅಲುಗಿದ್ದನ್ನು ಪಕ್ಕದಲ್ಲಿದ್ದ ನಾನು ನೋಡಿದ್ದೆ. ಯಾಕೆಂದು ತಿಳಿದದ್ದು ಅವಳು ಹೇಳಿದ ಮೇಲೆ.

ಶುಕ್ರವಾರ ತಿಜಾನಿಯವರು ಮತ್ತೆ ಬಂದರು: ಎರಡು ದೀರ್ಘ, ಒಂದು ಹ್ರಸ್ವ, ಒಂದು ದೀರ್ಘ. ಗಾಡಿ ಅಡ್ಡ ಬಂತು, ರೊಟ್ಟಿಯಂಗಡಿಗೆ ಹಿಂದಿರುಗಿದರು. ಇಂಥವರು ಪ್ರತಿ ಊರಿಗೂ ಒಬ್ಬಿಬ್ಬರಿರುತ್ತಾರೆ. ಒಳಗೇನೋ ಅಲುಗಾಡುತ್ತಿರುತ್ತದೆ, ಅದಕ್ಕೇ ಹೊರಗಿನದನ್ನು ಅಷ್ಟು ಬಿಗಿಯಾಗಿ ಹಿಡಿದಿರುತ್ತಾರೆ. ಹಟಮಾರಿಗಳೆಂದು ನಾವು ನಗುತ್ತೇವೆ, ನಗಬೇಕಾದದ್ದೇ. ಆದರೆ ಪ್ರಾರ್ಥನೆಯ ಸಾಲಿನಲ್ಲಿ ನಿಂತಾಗ, ನಂಬಿದ ನಾವೆಲ್ಲ ನಮ್ಮ ಕಾಲು ಸರಿಪಡಿಸಿಕೊಳ್ಳುವುದು ಅಂಥವರ ಭುಜ ನೋಡಿಯೇ.